ಕುಮ್ಮಟ ಕೊಪ್ಪಳಗಳ ಕಾಳಗಗಳು: ಹೆಸರಾಂತವರೂ ಹೆಸರಿಲ್ಲದವರೂ

ಕೊಪ್ಪಳ ತಾಲೂಕಿನ ಹಿಟ್ನಾಳವು ತುಂಗಭದ್ರೆಯ ಎಡದಂಡೆಯ ಸೀಮೆಯಲ್ಲಿರುವ ಒಂದು ಗ್ರಾಮ. ಅದರ ಪೂರ್ವಕ್ಕೆ ಇಂದರಗಿ, ಜಬ್ಬಲಗುಡ್ಡಗಳ ಕಡೆಯ ಬಂಡೆಗುಡ್ಡಗಳ ನಡುವೆ ಕುಮ್ಮಟದುರ್ಗವಿದೆ. ಪಶ್ಚಿಮದ ಕಡೆಗೆ ಕೊಪ್ಪಳದ ಕೋಟೆಯಿದೆ. ಎರಡೂ ಒಂದೊಂದು ದಿನದ ಕಾಲ್ನಡಿಗೆಯೊಳಗೇ ಇವೆ. ಈ ಸೀಮೆಯಲ್ಲಿ ನಡೆದ ಕಾಳಗಗಳು ಅನೇಕ. ಆದರೆ ಜನರ ಬಾಯಲ್ಲಿ ನಿಂತವು ಮುಖ್ಯವಾಗಿ ಎರಡು: 1327ರ ಸುಮಾರಿನ ಕುಮ್ಮಟದ ಯುದ್ಧ, 1858ರ ಕೊಪ್ಪಳದ ಬಂಡಾಯ. ಮೊದಲನೆಯದನ್ನು ಕುಮಾರರಾಮನೆಂಬ ಹೆಸರು ಹೊತ್ತು ತಂದಿತು. ಎರಡನೆಯದನ್ನು ಮುಂಡರಗಿ ಭೀಮರಾಯನೆಂಬ ಹೆಸರು. ದೊಡ್ಡ ಹೆಸರಿನ ಆಸರೆಯಿಲ್ಲದ ಯುದ್ಧವು ಜನಸ್ಮೃತಿಯಲ್ಲಿ ನಿಲ್ಲುವುದು ದುರ್ಲಭವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ಆ ಆಸರೆಗೆ ತೆರುವ ಬೆಲೆಯೂ ಅಲ್ಪವಲ್ಲ.

ಕುಮ್ಮಟದ ಕಥೆಯನ್ನೇ ನೋಡಬಹುದು. ದಿಲ್ಲಿಯ ಮಹಮ್ಮದ ಬಿನ್ ತುಘಲಕನ ಮೇಲೆ ದಂಗೆಯೆದ್ದ ಅವನ ಬಂಧು ಬಹಾವುದ್ದೀನ ಗುರ್ಶಾಸ್ಪನು ಓಡಿಬಂದಾಗ ಕಂಪಿಲರಾಯನು ಅವನಿಗೆ ಆಶ್ರಯವಿತ್ತನು. ಶರಣಾಗತನನ್ನು ಒಪ್ಪಿಸಲೊಲ್ಲದೆ ರಾಜ್ಯವನ್ನೇ ಕಳೆದುಕೊಂಡನು. ಇಬನ್ ಬತೂತನೆಂಬ ಮೊರೊಕ್ಕೊದ ಪ್ರವಾಸಿಯು ಈ ಸಂಗತಿಯನ್ನು ಬರೆದಿಟ್ಟಿದ್ದಾನೆ: ರಾಯನು ಅತಿಥಿಯನ್ನು ಬೇರೊಬ್ಬ ಅರಸನಲ್ಲಿಗೆ ಕಳುಹಿಸಿ, ದೊಡ್ಡ ಅಗ್ನಿಯನ್ನು ಹೊತ್ತಿಸಿದನು, ಅರಮನೆಯ ಸ್ತ್ರೀಯರೂ ಮಂತ್ರಿ ಪ್ರಮುಖರ ಮನೆಯ ಸ್ತ್ರೀಯರೂ ಅದರಲ್ಲಿ ಬಿದ್ದರು, ಆ ಬಳಿಕ ಗಂಡಸರು ಹೊರಬಿದ್ದು ಹೋರಾಡಿ ಮಡಿದರು. ಸೆರೆಹೋದ ರಾಜಪುತ್ರರು ಹನ್ನೊಂದು ಮಂದಿ. ಅವರಲ್ಲಿ ಮೂವರನ್ನು ದಿಲ್ಲಿಯಲ್ಲಿ ಕಂಡುದಾಗಿ ಆತನು ಹೇಳಿ, ಅವರ ಹೊಸ ಹೆಸರುಗಳನ್ನೂ ಕೊಟ್ಟಿದ್ದಾನೆ. ಇಷ್ಟು ವಿವರವಾದ ಬರಹದಲ್ಲಿ ಕುಮಾರರಾಮನ ಹೆಸರೇ ಇಲ್ಲ!

ಕನ್ನಡ ನಾಡಿನಲ್ಲಿ ಆದುದು ಇದಕ್ಕೆ ತೀರ ವಿಪರೀತ. ಇಲ್ಲಿ ಕುಮಾರರಾಮನೊಬ್ಬನೇ ಉಳಿದನು. ನಂಜುಂಡ ಕವಿಯು ಅವನನ್ನು ಸಾಂಗತ್ಯದಲ್ಲಿ ಹಾಡಿದನು. ಜನರು ಅವನ ಶಿರಸ್ಸಿನ ಮೂರ್ತಿಯನ್ನು ಮಾಡಿ ಪೂಜಿಸಿದರು. 2006ರಲ್ಲಿ ಶಿವರಾಜಕುಮಾರರು ನಾಯಕರಾಗಿದ್ದ ಚಲಚ್ಚಿತ್ರವೂ ಬಂದಿತು. ಒಂದು ಹೆಸರಿನ ಮೇಲೆ ಮತ್ತೊಂದು ಪ್ರಸಿದ್ಧ ಹೆಸರು ಕೂಡಿದಂತಾಯಿತು. ಅದರಿಂದ ಕುಮ್ಮಟವೆಂಬ ದುರ್ಗವೊಂದಿತ್ತೆಂದು ಹೊಸಬರಿಗೂ ತಿಳಿಯುವಂತಾದುದು ಲಾಭವೇ ಸರಿ. ಆದರೆ ಕಥೆಯ ತಿರುಳು ಯಾವುದಾಯಿತು? ಮಲತಾಯಿ ರತ್ನಾಜಿಯ ಮೋಹ, ರಾಮನ ಪರನಾರೀಸಹೋದರವ್ರತ. ಶರಣಾಗತನಿಗಾಗಿ ಒಂದು ನಾಡೇ ಸುಟ್ಟುಹೋದ ಸಂಗತಿಯು ಹಿಂದೆ ಸರಿಯಿತು. ಅಗ್ನಿಗೆ ಬಿದ್ದ ಆ ಸ್ತ್ರೀಯರಂತೂ ನೆರಳಾಗಿಯೇ ಉಳಿದರು.

ಕೊಪ್ಪಳದ ಕೋಟೆಯ ವಿಷಯವು ಇನ್ನೂ ವಿಚಿತ್ರವಾದುದು. ಟಿಪ್ಪು ಸುಲ್ತಾನನು 1786ರಲ್ಲಿ ಈ ಕೋಟೆಯನ್ನು ಪಾಳೆಯಗಾರನೊಬ್ಬನಿಂದ ಪಡೆದು, ಫ್ರೆಂಚ ಶಿಲ್ಪಿಗಳಿಂದ ಬಲಪಡಿಸಿದನು. 1790ರಲ್ಲಿ ನಿಜಾಮನ ಸೈನ್ಯವೂ ಇಂಗ್ಲಿಷರ ತುಕಡಿಯೂ ಬಂದು ಮುತ್ತಿಗೆ ಹಾಕಿದುವು. ಒಳಗಿನವರು ಸುಮಾರು ಆರು ತಿಂಗಳು ತಡೆದು ನಿಂತು, ಬೆಂಗಳೂರಿನ ಕೋಟೆಯು ಬಿದ್ದ ಮೇಲೆ, 1791ರ ಏಪ್ರಿಲಿನಲ್ಲಿ ಬಿಟ್ಟುಕೊಟ್ಟರು. ಆ ಮುತ್ತಿಗೆಯ ನೆನಪಾಗಿ ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬರುವ ಹೆಸರು ಯಾರದು? ಕೋಟೆಯನ್ನು ಕಾಯ್ದವರದಲ್ಲ, ತಾನು ಕಂಡ ಕೋಟೆಗಳಲ್ಲೆಲ್ಲ ಇದೇ ಬಲಿಷ್ಠವೆಂದು ಹೊಗಳಿದ ಬ್ರಿಟಿಷ ಅಧಿಕಾರಿ ಜಾನ್ ಮಾಲ್ಕಮನದು. ಕಲ್ಲಿಗೆ ಪ್ರಶಸ್ತಿ ದೊರೆಯಿತು. ಆ ಕಲ್ಲಿನ ಹಿಂದೆ ನಿಂತವರಿಗೆ ದೊರೆಯಲಿಲ್ಲ.

1858ರ ಕಾಳಗವಾದರೋ ಕೆಲವೇ ದಿನಗಳದು. ಹಿಂದೆ ಕಂಪನಿ ಸರಕಾರದ ನೌಕರಿಯಲ್ಲಿದ್ದ ಮುಂಡರಗಿಯ ಭೀಮರಾಯನು ಹಮ್ಮಿಗೆಯ ಕೆಂಚನಗೌಡನೊಡನೆ ಕೂಡಿ, ಡಂಬಳದ ಖಜಾನೆಯನ್ನು ಲೂಟಿಮಾಡಿ, ಮೇ ತಿಂಗಳ ಕೊನೆಗೆ ಕೊಪ್ಪಳದ ಕೋಟೆಯನ್ನು ಹಿಡಿದನು. ನರಗುಂದದ ಬಾಬಾಸಾಹೇಬನು ಎದ್ದುದೂ ಅದೇ ದಿನಗಳಲ್ಲಿಯೇ. ಬಳ್ಳಾರಿಯ ಕಡೆಯಿಂದ ಮೇಜರ್ ಹ್ಯೂಸನ ದಂಡು ಬಂದಿತು. ಜೂನ್ 1ರಂದು ಕೋಟೆಯು ಬಿದ್ದಿತು. ನಾಯಕರಿಬ್ಬರೂ ಅಲ್ಲಿಯೇ ಮಡಿದರು. ಸೆರೆಸಿಕ್ಕವರಲ್ಲಿ ಅನೇಕರಿಗೆ ಮರಣದಂಡನೆಯಾಯಿತು. ಇವರ ಪೈಕಿ ಭೀಮರಾಯನ ಹೆಸರು ಪಾಠಪುಸ್ತಕಕ್ಕೆ ಏರಿತು. ಕೆಂಚನಗೌಡನ ಹೆಸರು ಒಮ್ಮೊಮ್ಮೆ ಅದರ ಬೆನ್ನಹಿಂದೆ ಬರುತ್ತದೆ, ಒಮ್ಮೊಮ್ಮೆ ಬರುವುದೂ ಇಲ್ಲ. ಉಳಿದವರಿಗೆ 'ಮತ್ತು ಅವನ ಸಂಗಡಿಗರು' ಎಂಬ ಮೂರು ಶಬ್ದಗಳೇ ಗತಿ. ಸಾವು ನಾಯಕನಿಗೆ ಬೇರೆ, ಸಂಗಡಿಗನಿಗೆ ಬೇರೆ ಎಂದಿರಲಿಲ್ಲವಷ್ಟೆ!

ಹಾಡುವವರು ಈ ವಿಷಯದಲ್ಲಿ ಚರಿತ್ರೆ ಬರೆಯುವವರಿಗಿಂತ ಉದಾರಿಗಳೆನ್ನಬೇಕು. ಆಯುಧಗಳನ್ನು ಒಪ್ಪಿಸಲೊಲ್ಲದೆ 1857ರಲ್ಲಿ ಹಲಗಲಿಯ ಬೇಡರು ಎದ್ದರು. ಆ ಡಿಸೆಂಬರಿನಲ್ಲಿ 13 ಮಂದಿಯನ್ನು ಮುಧೋಳದಲ್ಲಿಯೂ 6 ಮಂದಿಯನ್ನು ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಅರಸನೂ ಅಲ್ಲದ, ದೇಸಾಯಿಯೂ ಅಲ್ಲದ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರನ್ನು ಲಾವಣಿಯು ಹೆಸರು ಹಿಡಿದು ಕರೆಯಿತು. ನಾಲ್ಕೇ ಹೆಸರುಗಳು ಎಂದು ಯಾರಾದರೂ ಆಕ್ಷೇಪಿಸಬಹುದು. ಕೊಪ್ಪಳಕ್ಕೆ ಅಷ್ಟೂ ದಕ್ಕಲಿಲ್ಲ.

ಹೆಸರಾಂತವರನ್ನು ಕರೆತಂದು ಜನರ ಲಕ್ಷ್ಯವನ್ನು ಸೆಳೆಯುವ ಕ್ರಮವು ಇಂದಿಗೂ ಉಂಟು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಅಶ್ವದಳಗಳವು. ಕೊಪ್ಪಳವು ಆಗ ಹೈದರಾಬಾದು ಸಂಸ್ಥಾನಕ್ಕೇ ಸೇರಿತ್ತು. 1918ರ ಸಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಾಳಿಯಲ್ಲಿ ಮೈಸೂರಿನ ಸವಾರರಿದ್ದರೆಂಬುದನ್ನು ಅನೇಕರು ಮೊದಲು ಕೇಳಿದುದು, 2018ರ ಜನವರಿಯಲ್ಲಿ ಭಾರತದ ಮತ್ತು ಇಸ್ರೇಲಿನ ಪ್ರಧಾನಮಂತ್ರಿಗಳು ಆ ಸ್ಮಾರಕಕ್ಕೆ ಬಂದು ಚೌಕಕ್ಕೆ ಹೈಫಾದ ಹೆಸರನ್ನು ಕೂಡಿಸಿದಾಗಲೇ. ಮರುದಿನದ ಪತ್ರಿಕೆಗಳ ಚಿತ್ರಗಳಲ್ಲಿ ಪ್ರಧಾನಿಗಳು ಎದುರಿಗೆ, ಕಂಚಿನ ಸವಾರರು ಹಿಂದಕ್ಕೆ.

ದೊಡ್ಡ ಹೆಸರನ್ನು ಬಳಸುವ ಬೇರೊಂದು ರೀತಿಯನ್ನು ಕನ್ನಡಿಗರ ಪೂರ್ವಜರು ಬಲ್ಲವರಾಗಿದ್ದರು. ಹಳೆಯ ವೀರಗಲ್ಲುಗಳ ಶಾಸನಗಳಲ್ಲಿ ಮೊದಲು ಆಳುವ ಅರಸನ ಬಿರುದುಗಳು ಬರುತ್ತವೆ. ಅದು ಬಾಗಿಲು ಮಾತ್ರ. ಬಾಗಿಲನ್ನು ದಾಟಿದರೆ ಸತ್ತವನ ಹೆಸರು, ಅವನ ಊರು, ಅವನು ಸತ್ತ ಬಗೆ. ಮಂಡ್ಯ ಸೀಮೆಯ ಆತಕೂರಿನ ಕಲ್ಲು ಕ್ರಿ.ಶ. 949-50ರ ಕಾಲದ್ದು. ವಿದ್ವಾಂಸರು ಅದನ್ನು ಓದುವುದು ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ, ಗಂಗರ ಬೂತುಗನಿಗಾಗಿ, ತಕ್ಕೋಲದ ಯುದ್ಧದಲ್ಲಿ ಬಿದ್ದ ಚೋಳ ರಾಜಾದಿತ್ಯನಿಗಾಗಿ. ಆದರೆ ಅದೇ ಕಲ್ಲು ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ಭಟನನ್ನೂ ಹೇಳುತ್ತದೆ. ಒಡೆಯನು ಮೆಚ್ಚಿ ಬೇಡೆಂದಾಗ ಅವನು ಭೂಮಿಯನ್ನಾಗಲಿ ಹೊನ್ನನ್ನಾಗಲಿ ಮೊದಲು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಬೆಳತೂರಿನ ಗುಡ್ಡದಲ್ಲಿ ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇಂದಿಗೂ ಎದುರುಬದುರಾಗಿ ನಿಂತಿವೆ. ಸುತ್ತಲೂ ಮೂರು ರಾಜವಂಶಗಳ ಹೆಸರುಗಳು. ಅವುಗಳ ನಡುವೆ, ಸಾವಿರ ವರುಷಗಳ ಮೇಲೆಯೂ ಓದಲು ಬರುವಂತೆ, ಕಾಳಿಯ ಹೆಸರು.