ಹೋಲ್ಡರ್‌ಗೆ ಕೂತರೆ ಸಾಕಾ? ಹೆಡ್‌ಲೈಟ್ ಬಲ್ಬಿನ ನೂರು ವರ್ಷದ ಕಥೆ

ಇವತ್ತಿನ ಸಂಚಿಕೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತುವಿನ ಬಗ್ಗೆ. ಕಾರಿನ ಹೆಡ್‌ಲೈಟ್ ಬಲ್ಬು.

ಬೆಂಗಳೂರಿನ ಜೆ.ಸಿ. ರಸ್ತೆಯ ಯಾವುದಾದರೂ ಬಿಡಿಭಾಗಗಳ ಅಂಗಡಿಗೆ ಹೋಗಿ, "ರಾತ್ರಿ ಲೈಟ್ ಸಾಲ್ತಾ ಇಲ್ಲ" ಅಂತ ಒಂದು ಮಾತು ಹೇಳಿ ನೋಡಿ. ಮುಂದೆ ನಾಲ್ಕಾರು ಡಬ್ಬಿ ಬಂದು ಕೂರುತ್ತವೆ. ನೂರು ವ್ಯಾಟ್, ಎಲ್‌ಇಡಿ, ಬಿಳಿ, ಹಳದಿ, ನೀಲಿ. ಎಲ್ಲದಕ್ಕೂ ಒಂದೇ ಭರವಸೆ: "ಅದೇ ಹೋಲ್ಡರ್ ಸಾರ್, ಹಂಗೇ ಕೂರುತ್ತೆ." ಕೂರೋದು ನಿಜ. ಆದ್ರೆ ಕೂತ ಮೇಲೆ ಆ ಬೆಳಕು ಎಲ್ಲಿಗೆ ಹೋಗುತ್ತೆ, ಅದರ ಹಿಂದಿನ ವೈರ್ ಎಷ್ಟು ಬಿಸಿಯಾಗುತ್ತೆ? ಹೆಡ್‌ಲೈಟಿನ ಇತಿಹಾಸವೆಲ್ಲ ಇರೋದು ಈ ಎರಡು ಪ್ರಶ್ನೆಗಳಲ್ಲೇ.

ಬೆಳಕಿನ ಜೊತೆಗೇ ಬಂದ ತೊಂದರೆ

ಮೊದಲ ಕಾರುಗಳಿಗೆ ಇದ್ದದ್ದು ಸೀಮೆಎಣ್ಣೆ ದೀಪ ಮತ್ತು ಅಸಿಟಿಲೀನ್ ದೀಪ. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಬರುತ್ತೆ, ಅದನ್ನು ಹಚ್ಚಿದರೆ ಒಳ್ಳೆ ಬಿಳಿ ಬೆಳಕು. ಮಾವಿನಹಣ್ಣು ಬೇಗ ಹಣ್ಣಾಗಲಿ ಅಂತ ಇಡ್ತಾರಲ್ಲ, ಅದೇ ಕಾರ್ಬೈಡ್. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಜೊತೆ ವಿದ್ಯುತ್ ದೀಪವೂ ಬಂತು. ಅಲ್ಲಿಂದ ಮುಂದೆ ಕಾರ್ಬೈಡ್ ಕಾಲ ಮುಗಿಯುತ್ತಾ ಬಂತು.

ಬೆಳಕು ಜೋರಾಯ್ತು, ಎದುರು ಬರುವವರ ಕಣ್ಣು ಕುಕ್ಕೋದೂ ಶುರುವಾಯ್ತು. ಇದಕ್ಕೆ 1920ರ ದಶಕದ ಮಧ್ಯದಲ್ಲಿ ಜರ್ಮನಿಯ ಓಸ್ರಾಮ್ ಕಂಪನಿ ತಂದ ಉತ್ತರ, ಬೈಲಕ್ಸ್ ಅನ್ನೋ ಬಲ್ಬು. ಒಂದೇ ಬಲ್ಬಿನೊಳಗೆ ಎರಡು ತಂತಿ: ದೂರಕ್ಕೆ ಒಂದು, ಹತ್ತಿರಕ್ಕೆ ಒಂದು. ಅಂದ್ರೆ ನಾವಿವತ್ತು ಡಿಪ್ಪರ್ ಹೊಡೆಯೋದು ಸುಮಾರು ನೂರು ವರ್ಷದ ಅಭ್ಯಾಸ. ಬೆಳಕು ಹೆಚ್ಚಿಸಿದವರೇ ಅದನ್ನು ತಗ್ಗಿಸುವ ದಾರಿಯನ್ನೂ ಹುಡುಕಬೇಕಾಯ್ತು.

ಅಮೆರಿಕ ಒಂದು ದಾರಿ, ಯುರೋಪ್ ಇನ್ನೊಂದು

ಅಮೆರಿಕನ್ನರು ಇದಕ್ಕೆ ಕಡ್ಡಿ ಮುರಿದಂಥ ಪರಿಹಾರ ತಂದರು. ಸೀಲ್ಡ್ ಬೀಮ್. 1940ರ ಮಾದರಿಯ ಕಾರುಗಳಿಂದ ಏಳು ಇಂಚಿನ ದುಂಡು ದೀಪವೇ ಅಲ್ಲಿ ಮಾನದಂಡವಾಯ್ತು. ಗಾಜು, ರಿಫ್ಲೆಕ್ಟರ್, ತಂತಿ ಮೂರೂ ಸೇರಿಸಿ ಸೀಲ್ ಮಾಡಿದ ಒಂದೇ ತುಂಡು. ತಂತಿ ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕು. ಧೂಳು, ತೇವ ಒಳಗೆ ಹೋಗಿ ರಿಫ್ಲೆಕ್ಟರ್ ಮಂಕಾಗೋ ಹಾಗಿಲ್ಲ. ಯಾರೂ ತಪ್ಪು ಬಲ್ಬು ಹಾಕುವ ಹಾಗೂ ಇಲ್ಲ, ಯಾಕಂದ್ರೆ ಹಾಕೋದಕ್ಕೆ ಬಲ್ಬೇ ಇಲ್ಲ! ಆದ್ರೆ ಇದಕ್ಕೆ ಬೆಲೆಯೂ ತೆರಬೇಕಾಯ್ತು. ಬಲ್ಬು ಬದಲಿಸಬಹುದಾದ ಹೆಡ್‌ಲೈಟಿಗೆ ಅಲ್ಲಿನ ನಿಯಮ ಒಪ್ಪಿದ್ದು 1983ರಲ್ಲಿ. ಹಾಗೆ ಬಂದ ಮೊದಲ ಕಾರು 1984ರ ಲಿಂಕನ್ ಮಾರ್ಕ್ 7.

ಯುರೋಪ್ ಬಲ್ಬನ್ನು ಬೇರೆಯಾಗಿಯೇ ಉಳಿಸಿಕೊಳ್ತು. ಹಾಗಾದ್ರೆ ಬಲ್ಬು ಮತ್ತು ರಿಫ್ಲೆಕ್ಟರ್ ಒಂದಕ್ಕೊಂದು ಹೊಂದಬೇಕಲ್ಲ? ಅದಕ್ಕೆ ಬೇಕಾದದ್ದು ಪಕ್ಕಾ ಅಳತೆ. 1957ರಲ್ಲಿ ಅಲ್ಲಿ ಓರೆ ಲೋ ಬೀಮ್ ಬಂತು. ಎದುರು ವಾಹನದ ಕಡೆಗೆ ತಗ್ಗಿ, ರಸ್ತೆ ಅಂಚಿನ ಕಡೆಗೆ ಸ್ವಲ್ಪ ಏರಿದ ಬೆಳಕು. 1958ರಲ್ಲಿ ಜಿನೀವಾದಲ್ಲಿ ವಾಹನದ ಭಾಗಗಳ ಏಕರೂಪ ನಿಯಮಗಳಿಗೆ ಒಪ್ಪಂದವಾಯ್ತು. ಆ ಸಾಲಿನ 37ನೇ ನಿಯಮ ಇರೋದೇ ಬಲ್ಬುಗಳಿಗಾಗಿ.

ಇದೇ ಹೊತ್ತಿಗೆ ಹ್ಯಾಲೊಜೆನ್ ಬಂತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಇದರ ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಸಾಧಾರಣ ಬಲ್ಬಿನಲ್ಲಿ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಮೆತ್ತಿಕೊಂಡು ಕಪ್ಪಾಗುತ್ತೆ. ಹ್ಯಾಲೊಜೆನ್ ಬಲ್ಬಿನಲ್ಲಿರೋ ಅಯೋಡಿನ್ ಅಥವಾ ಬ್ರೋಮಿನ್, ಆ ಆವಿಯನ್ನು ಮತ್ತೆ ತಂತಿಯ ಕಡೆಗೇ ಒಯ್ಯುತ್ತೆ. ಹೀಗಾಗಲು ಗಾಜು ತುಂಬಾ ಬಿಸಿ ಇರಬೇಕು. ಅದಕ್ಕೇ ಸಣ್ಣ ಕ್ವಾರ್ಟ್ಜ್ ಕೊಳವೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ ಅನ್ನೋದೂ ಇದಕ್ಕೇ: ಬೆರಳಿನ ಜಿಡ್ಡು ಹತ್ತಿದ ಜಾಗ ಅತಿಯಾಗಿ ಕಾದು ಗಾಜು ಕೆಡುತ್ತೆ. 1962ರಲ್ಲಿ ಎಚ್1 ಬಂತು, ಅದರಲ್ಲಿ ಒಂದೇ ತಂತಿ. 1971ರಲ್ಲಿ ಎರಡು ತಂತಿಯ ಎಚ್4 ಬಂತು.

ಎಚ್4 ಕೈಯಲ್ಲಿ ಹಿಡಿದು ನೋಡಿ

ಬುಡದಲ್ಲಿ ಒಂದು ಲೋಹದ ಬಳೆ, ಅದಕ್ಕೆ ಮೂರು ಕಿವಿ. ಮೂರೂ ಒಂದೇ ಸಮ ಇಲ್ಲ, ಹಾಗಾಗಿ ಬಲ್ಬು ಒಂದೇ ರೀತಿಯಲ್ಲಿ ಕೂರುತ್ತೆ. ಒಳಗೆ ಲೋ ಬೀಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿದೆ. ಅದು ಕೆಳಮುಖವಾಗಿ ಹೋಗುವ ಬೆಳಕನ್ನು ತಡೆಯುತ್ತೆ. ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ತಾಗಿ, ಅಲ್ಲಿಂದ ರಸ್ತೆಯ ಕಡೆಗೆ ಇಳಿಯುತ್ತೆ. ಆ ಬಟ್ಟಲು, ಆ ತಂತಿ ಅರ್ಧ ಮಿಲಿಮೀಟರ್ ಆಚೀಚೆಯಾದರೂ ಬೆಳಕಿನ ಗಡಿ ಕದಲುತ್ತೆ.

ನಾನು ಓದಿದ್ದು ಬಿಕಾಂ. ಅಲ್ಲಿ ಮೊದಲು ಕಲಿಸೋದು, ಒಂದು ಕಡೆ ಡೆಬಿಟ್ ಬಂದರೆ ಇನ್ನೊಂದು ಕಡೆ ಕ್ರೆಡಿಟ್ ಬರಲೇಬೇಕು ಅಂತ. ಹೆಡ್‌ಲೈಟಿನ ಲೆಕ್ಕವೂ ಹಾಗೇ ನಡೆದಿದೆ. 1991ರಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರಿನಲ್ಲಿ ಝೆನಾನ್ ದೀಪ ಬಂತು. 35 ವ್ಯಾಟ್‌ನಲ್ಲೇ ಹ್ಯಾಲೊಜೆನ್‌ನ ಎರಡು ಪಟ್ಟು ಬೆಳಕು. ಮುಂದೆ ಯುರೋಪಿನ ನಿಯಮ ಇಂಥ ದೀಪಗಳಿಗೆ ಎರಡು ಷರತ್ತು ಹಾಕ್ತು: ಹಿಂದಿನ ಸೀಟಿನಲ್ಲಿ ಜನ ಕೂತು ಕಾರಿನ ಮೂತಿ ಎದ್ದರೆ ದೀಪ ತಾನೇ ತಗ್ಗಬೇಕು, ಗಾಜು ತೊಳೆಯುವ ವ್ಯವಸ್ಥೆಯೂ ಇರಬೇಕು. 2007ರ ಹೊತ್ತಿಗೆ ಲೆಕ್ಸಸ್ ಎಲ್‌ಎಸ್ 600ಎಚ್ ಕಾರಿನ ಲೋ ಬೀಮ್‌ಗೆ ಎಲ್‌ಇಡಿ ಬಂತು. ಆಗಲೂ ಬದಲಾದದ್ದು ಬರೀ ಬಲ್ಬಲ್ಲ, ಇಡೀ ದೀಪ.

ಡಬ್ಬಿಯಲ್ಲಿ ಮಾರುವ ಕಿಟ್ ಈ ಲೆಕ್ಕದ ಅರ್ಧವನ್ನಷ್ಟೇ ಕೊಡುತ್ತೆ. ಹ್ಯಾಲೊಜೆನ್ ತಂತಿ ಸುತ್ತಲೂ ಬೆಳಕು ಚೆಲ್ಲುತ್ತೆ, ಎಲ್‌ಇಡಿ ಚಿಪ್ಪು ಚಪ್ಪಟೆ, ಅದರ ಬೆಳಕು ಪಕ್ಕಗಳಿಗೆ ಹೋಗುತ್ತೆ. ತಂತಿಗೆಂದು ಮಾಡಿದ ರಿಫ್ಲೆಕ್ಟರಿಗೆ ಅದನ್ನು ಎಲ್ಲಿಗೆ ಕಳಿಸಬೇಕು ಅಂತ ಗೊತ್ತಾಗಲ್ಲ. ಕಾರಿನ ಹತ್ತಿರದ ರಸ್ತೆ ಝಗ್ ಅಂತ ಬೆಳಗುತ್ತೆ, ಓಡಿಸುವವರಿಗೆ ಖುಷಿಯಾಗುತ್ತೆ. ಆದ್ರೆ ನೂರು ಮೀಟರ್ ದೂರದ ಹಳ್ಳ ಕಾಣಲ್ಲ, ಎದುರು ಬೈಕಿನಲ್ಲಿ ಬರುವವನಿಗೆ ಏನೂ ಕಾಣಲ್ಲ. ಹಾಗಂತ ಒಳ್ಳೆ ಎಲ್‌ಇಡಿ ಬದಲಿ ಬಲ್ಬು ಮಾಡೋಕೇ ಆಗಲ್ಲ ಅಂತಲ್ಲ. 2020ರಲ್ಲಿ ಜರ್ಮನಿ ಅಂಥದ್ದೊಂದಕ್ಕೆ ಒಪ್ಪಿಗೆ ಕೊಟ್ಟಿದೆ. ಆದ್ರೆ ಪರೀಕ್ಷೆ ಮಾಡಿ ಪಟ್ಟಿಗೆ ಸೇರಿಸಿದ ಕಾರುಗಳಿಗೆ ಮಾತ್ರ.

ವ್ಯಾಟ್ ಏರಿಸಿದರೆ ವೈರ್ ಕೇಳಲ್ಲ

ನಮ್ಮಲ್ಲಿ ಎಲ್‌ಇಡಿಗಿಂತ ಹಳೆಯ ಚಾಳಿ, 100/90 ಬಲ್ಬು. ಕಂಪನಿಯ ಎಚ್4 ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55. ಹನ್ನೆರಡು ವೋಲ್ಟ್ ಲೆಕ್ಕದಲ್ಲಿ 55 ವ್ಯಾಟ್ ಅಂದ್ರೆ ಸುಮಾರು 4.6 ಆಂಪಿಯರ್, 90 ವ್ಯಾಟ್ ಅಂದ್ರೆ 7.5. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುತ್ತೆ. ಹಾಗಾಗಿ 1.6 ಪಟ್ಟು ಕರೆಂಟಿಗೆ ಎರಡೂವರೆ ಪಟ್ಟಿಗಿಂತ ಹೆಚ್ಚು ಶಾಖ. ಮೊದಲು ಪ್ಲಾಸ್ಟಿಕ್ ಹೋಲ್ಡರ್ ಕಂದುತ್ತೆ, ಆಮೇಲೆ ಸ್ವಿಚ್ಚು. ಬೆಂಕಿಯ ಅಪಾಯ ಇರೋದೂ ಇಲ್ಲೇ. ಫ್ಯೂಸ್ ಹೋಯ್ತು ಅಂತ ದೊಡ್ಡ ಫ್ಯೂಸ್ ಹಾಕಿದರೆ, ಕಾವಲುಗಾರನನ್ನೇ ಮನೆಗೆ ಕಳಿಸಿದ ಹಾಗೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರಲ್ಲ. ಹ್ಯಾಲೊಜೆನ್ ಬಲ್ಬಿಗೆ ಸೇರುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತೆ. ಹಳೆಯ ಕಾರಿನಲ್ಲಿ ಲೈಟ್ ಮಂಕಾಗಿದ್ದರೆ ಎಷ್ಟೋ ಸಲ ಕಾರಣ ಬಲ್ಬಲ್ಲ, ತುಕ್ಕು ಹಿಡಿದ ಅರ್ಥಿಂಗ್, ಸವೆದ ಸ್ವಿಚ್ಚು. ಸರಿಯಾದ ಫ್ಯೂಸ್ ಇಟ್ಟು, ರಿಲೇ ಮೂಲಕ ದಪ್ಪ ವೈರ್ ಎಳೆಸಿದರೆ ಅದೇ 60/55 ಬಲ್ಬು ಹೊಸದರಂತೆ ಉರಿಯುತ್ತೆ. ಇದನ್ನು ಒಳ್ಳೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ವಾರಂಟಿಯಲ್ಲಿರೋ ಹೊಸ ಕಾರಿಗೆ ಬೇಡ.

ಮಂಜಿಗೆ ಹಳದಿ

ಫಾಗ್ ಲೈಟ್ ಅಂದ ತಕ್ಷಣ ಹಳದಿ ನೆನಪಾಗುತ್ತೆ. ಅದರ ಹಿಂದೆ ಫ್ರಾನ್ಸ್ ಇದೆ. 1930ರ ದಶಕದ ಕೊನೆಯಿಂದ 1993ರವರೆಗೆ ಅಲ್ಲಿ ಹೆಡ್‌ಲೈಟೇ ಹಳದಿಯಾಗಿರಬೇಕಿತ್ತು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತೆ ಅನ್ನೋದು ನಂಬಿಕೆ ಅಷ್ಟೇ. ಮಂಜಿನ ಹನಿಗಳು ಎಲ್ಲಾ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ನೀಲಿ ಭಾಗ ಸೋಸಿಹೋಗೋದರಿಂದ ಕೆಲವರ ಕಣ್ಣಿಗೆ ಹಿತ ಅನ್ನಿಸಬಹುದು, ಅಷ್ಟೇ.

ಮಂಜಿನಲ್ಲಿ ನಿಜವಾಗಿ ಕೆಲಸಕ್ಕೆ ಬರೋದು ಫಾಗ್ ಲೈಟಿನ ಜಾಗ ಮತ್ತು ಆಕಾರ. ಬಂಪರಿನ ತಗ್ಗಿನಲ್ಲಿ ಕೂತು, ಅಗಲವಾಗಿ, ಮೇಲಂಚು ಕತ್ತರಿಸಿದ ಹಾಗೆ ಬೆಳಕು ಬಿಡುತ್ತೆ. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಪರದೆ ಇಳಿಬಿಟ್ಟ ಹಾಗಾಗುತ್ತೆ, ಯಾಕಂದ್ರೆ ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಫಾಗ್ ಲೈಟಿಗೆ ಹೆಚ್ಚು ವ್ಯಾಟಿನ ಬಲ್ಬು ಹಾಕೋದಂತೂ ಬೇಡವೇ ಬೇಡ. ಅದರ ಗೂಡು ಸಣ್ಣದು, ಪ್ಲಾಸ್ಟಿಕ್ ಕರಗಬಹುದು.

ಹಾಗಾದ್ರೆ ಏನು ಮಾಡೋದು?

ಮೊದಲು ಗಾಜು ನೋಡಿ. ಮಬ್ಬಾಗಿ ಹಳದಿ ತಿರುಗಿದ್ದರೆ ಪಾಲಿಶ್ ಮಾಡಿಸಿ. ಆಮೇಲೆ ಬೆಳಕಿನ ಎತ್ತರ: ಗೋಡೆಯಿಂದ ಹತ್ತು ಮೀಟರ್ ದೂರದಲ್ಲಿ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿದರೆ, ಲೋ ಬೀಮಿನ ಗಡಿ ದೀಪದ ಮಟ್ಟಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿರಬೇಕು. ಮ್ಯಾನುವಲ್‌ನಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಇದಾದ ಮೇಲೆ ಬಲ್ಬು. ಹೆಸರಾಂತ ಕಂಪನಿಯ, ಅದೇ ಮಾದರಿಯ, ಅದೇ ವ್ಯಾಟಿನ, ಹೆಚ್ಚು ಬೆಳಕಿನ ಹ್ಯಾಲೊಜೆನ್ ಸಿಗುತ್ತೆ. ಆಯುಷ್ಯ ಸ್ವಲ್ಪ ಕಡಿಮೆ, ಅಷ್ಟೇ. ಎರಡೂ ಕಡೆ ಒಟ್ಟಿಗೇ ಬದಲಿಸಿ. ನೀಲಿ ಲೇಪನದ್ದು ಬೇಡ, ಆ ಲೇಪನ ಒಂದಿಷ್ಟು ಬೆಳಕನ್ನು ತಾನೇ ತಿಂದುಹಾಕುತ್ತೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವುದಕ್ಕೆ ತಡೆ ಹಾಕುತ್ತೆ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕಲು ಶುರು ಮಾಡಿದ್ದು ನಿಮಗೂ ನೆನಪಿರಬಹುದು. ಆದ್ರೆ ದಂಡಕ್ಕಿಂತ ದೊಡ್ಡ ವಿಷಯ ಎದುರು ಬರೋ ವಾಹನ. ಕಣ್ಣು ಕುಕ್ಕಿದ ಆ ಎರಡು ಮೂರು ಸೆಕೆಂಡು ಅದನ್ನು ಓಡಿಸುವವರಿಗೆ ದಾರಿ ಕಾಣಲ್ಲ, ಅದು ನುಗ್ಗಿ ಬರ್ತಿರೋದು ನಮ್ಮ ಕಡೆಗೇ.

ಮುಂದಿನ ಸಲ ಅಂಗಡಿಯಲ್ಲಿ "ಕೂರುತ್ತಾ?" ಅಂತ ಕೇಳಬೇಡಿ. "ನನ್ನ ದೀಪ ಯಾವ ಬಲ್ಬಿಗೆ ಅಂತ ಮಾಡಿದ್ದು?" ಅಂತ ಕೇಳಿ. ಉತ್ತರ ಮ್ಯಾನುವಲ್‌ನಲ್ಲಿದೆ, ಎಷ್ಟೋ ಸಲ ದೀಪದ ಮೈಮೇಲೇ ಅಚ್ಚಾಗಿರುತ್ತೆ.