ಫ್ಲಾಸ್ಕ್‌ನಲ್ಲಿಟ್ಟ ಪುಡಿಹಾಲನ್ನು ಮಗುವಿಗೆ ಕುಡಿಸಬಹುದೇ?

"ರಾತ್ರಿ ಒಂದೇ ಸಲ ಪುಡಿಹಾಲು ಕಲಸಿ ಫ್ಲಾಸ್ಕ್‌ಗೆ ಹಾಕಿಡಿ, ಬೆಳಗಿನವರೆಗೂ ಬೆಚ್ಚಗಿರುತ್ತದೆ. ಮಗು ಎದ್ದಾಗಲೆಲ್ಲ ಬಗ್ಗಿಸಿ ಕೊಟ್ಟರಾಯಿತು." ಮೊಬೈಲಿನಿಂದ ಮೊಬೈಲಿಗೆ, ಬಾಣಂತಿಯಿಂದ ಬಾಣಂತಿಗೆ ಹೋಗುವ ಸಲಹೆಗಳಲ್ಲಿ ಇದೂ ಒಂದು. ಹರಿಹರದಿಂದ ಕೂಸನ್ನು ಎತ್ತಿಕೊಂಡು ದಾವಣಗೆರೆಯ ಆಸ್ಪತ್ರೆಗೋ ಮದುವೆಗೋ ಹೊರಟವರಿಗೂ ಇದು ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಈ ಸಲಹೆಯಲ್ಲಿ ಅರ್ಧ ಮಾತ್ರ ಸರಿ. ಫ್ಲಾಸ್ಕ್ ಇರಲಿ, ಅದರಲ್ಲಿ ಕುದಿಸಿದ ನೀರು ಇರಲಿ. ಕಲಸಿದ ಹಾಲು ಮಾತ್ರ ಬೇಡ.

ಯಾಕೆ ಬೇಡ ಎಂಬುದು ಮನೆಯಲ್ಲಿ ಮೊಸರು ಮಾಡುವ ಎಲ್ಲರಿಗೂ ಗೊತ್ತು. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಬೆಚ್ಚಗಿನ ಜಾಗದಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ಚಳಿಗಾಲದಲ್ಲಿ ಇದಕ್ಕೆಂದೇ ಹಾಟ್‌ಬಾಕ್ಸ್ ಬಳಸುವವರಿದ್ದಾರೆ. ಫ್ಲಾಸ್ಕ್‌ನಲ್ಲಿಟ್ಟ ಪುಡಿಹಾಲಿನಲ್ಲೂ ನಡೆಯುವುದು ಇದೇ. ವ್ಯತ್ಯಾಸ ಇಷ್ಟೇ, ಅಲ್ಲಿ ಬೆಳೆಯುವುದು ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾ ಆಗಿರಬೇಕೆಂದಿಲ್ಲ.

"ಡಬ್ಬಿ ಸೀಲ್ ಆಗಿರುತ್ತದಲ್ಲ, ಒಳಗೆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು?" ಎಂದು ಕೇಳಬಹುದು. ಮಕ್ಕಳ ಪುಡಿಹಾಲು ಶುದ್ಧವಾಗಿ ತಯಾರಾದರೂ ಸಂಪೂರ್ಣ ಕ್ರಿಮಿರಹಿತವಲ್ಲ. ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬದುಕಿರಬಲ್ಲದು. ನೀರು ಮತ್ತು ಬಿಸುಪು ಸಿಕ್ಕಿದೊಡನೆ ಎಚ್ಚರಗೊಳ್ಳುತ್ತದೆ. 2022ರ ಫೆಬ್ರುವರಿಯಲ್ಲಿ ಅಮೆರಿಕದ ಅಬಾಟ್ ಕಂಪನಿ ಮಿಷಿಗನ್ ರಾಜ್ಯದ ಸ್ಟರ್ಜಿಸ್ ಕಾರ್ಖಾನೆಯಲ್ಲಿ ತಯಾರಾದ ಪುಡಿಹಾಲನ್ನು ಮಾರುಕಟ್ಟೆಯಿಂದ ವಾಪಸ್ ಪಡೆದದ್ದು ಈ ಸೋಂಕಿನ ದೂರುಗಳು ಬಂದ ಮೇಲೆ. ಸೋಂಕು ಅಪರೂಪ, ನಿಜ. ಆದರೆ ಎರಡು ತಿಂಗಳೊಳಗಿನ, ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಕೂಸಿಗೆ ತಗುಲಿದರೆ ರಕ್ತಕ್ಕೂ ಮೆದುಳಿನ ಪೊರೆಗೂ ಹರಡಿ ಜೀವಕ್ಕೇ ಅಪಾಯ ತರಬಹುದು.

ಒಂದು ಸಣ್ಣ ಲೆಕ್ಕ ನೋಡಿ. ಅನುಕೂಲಕರ ಬಿಸುಪಿನಲ್ಲಿ ಇಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ದ್ವಿಗುಣಗೊಳ್ಳುತ್ತದೆ. ರಾತ್ರಿ 11ಕ್ಕೆ ಒಂದಿದ್ದದ್ದು ಬೆಳಗಿನ 5ಕ್ಕೆ ಎರಡೂವರೆ ಲಕ್ಷ ದಾಟುತ್ತದೆ.

"ಕೊಡುವ ಮುಂಚೆ ಮತ್ತೊಮ್ಮೆ ಕಾಯಿಸಿದರಾಯಿತು" ಎಂಬ ಮಾತೂ ಇದರ ಹಿಂದೆಯೇ ಬರುತ್ತದೆ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಕೆಲವು ಬ್ಯಾಕ್ಟೀರಿಯಾ ಅಷ್ಟರಲ್ಲಿ ಹಾಲಿಗೆ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಹಾಗಾದರೆ ಹೇಗೆ ಕಲಸಬೇಕು?

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಮಾರ್ಗಸೂಚಿಯ ಮುಖ್ಯ ಸಂಖ್ಯೆ 70. ಪುಡಿ ಹಾಕುವಾಗ ನೀರು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಲವು ಡಬ್ಬಿಗಳ ಮೇಲೆ ನೀರು ಕುದಿಸಿ ಉಗುರುಬೆಚ್ಚಗಾದ ಮೇಲೆ ಪುಡಿ ಹಾಕಿ ಎಂದಿರುತ್ತದೆ. ಅದರಿಂದ ನೀರಿನಲ್ಲಿದ್ದ ಕ್ರಿಮಿ ಸಾಯುತ್ತದೆ, ಪುಡಿಯಲ್ಲಿದ್ದದ್ದು ಸಾಯುವುದಿಲ್ಲ. ಇಷ್ಟು ಬಿಸಿ ನೀರಿನಿಂದ ವಿಟಮಿನ್ ಸಿ ಸ್ವಲ್ಪ ಕಡಿಮೆಯಾಗಬಹುದು, ಕೂಸಿನ ಸುರಕ್ಷತೆಯ ಮುಂದೆ ಅದು ದೊಡ್ಡದಲ್ಲ ಎಂಬುದು ನಮ್ಮ ಅಭಿಪ್ರಾಯ. ಡಬ್ಬಿಯ ಸೂಚನೆ ಬೇರೆ ಇದ್ದರೆ, ಅದರಲ್ಲೂ ಕೂಸು ತೀರಾ ಚಿಕ್ಕದಿದ್ದರೆ, ಮಕ್ಕಳ ವೈದ್ಯರನ್ನು ಕೇಳಿಕೊಳ್ಳಿ.

ಥರ್ಮಾಮೀಟರ್ ಬೇಕಿಲ್ಲ. ಒಂದು ಲೀಟರ್‌ನಷ್ಟು ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು, ಅರ್ಧ ಗಂಟೆಯೊಳಗೆ ಬಳಸಿ. ಬಾಟಲಿಗೆ ಮೊದಲು ನೀರು, ಆಮೇಲೆ ಪುಡಿ. ಆ ಡಬ್ಬಿಯ ಚಮಚದಲ್ಲೇ ಸಮ ಮಾಡಿ ಅಳೆಯಬೇಕು, ಒತ್ತಿ ತುಂಬಬಾರದು. ದುಬಾರಿ ಡಬ್ಬಿ ಇನ್ನೆರಡು ದಿನ ಬರಲಿ ಎಂದು ನೀರು ಜಾಸ್ತಿ ಮಾಡುವುದುಂಟು, ಅದರಿಂದ ಮಗು ಸೊರಗುತ್ತದೆ. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಿನ ಬಟ್ಟಲಿನಲ್ಲಿಟ್ಟು ಆರಿಸಿ. ಇಷ್ಟು ಬಿಸಿ ಹಾಲು ಬಾಯಿ ಸುಡುತ್ತದೆ, ಆದ್ದರಿಂದ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡದೆ ಕೊಡಬೇಡಿ.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಗೊಂದು ಬೇರೆ ಮಾತು ಹೇಳಬೇಕು. ನಲ್ಲಿಯಲ್ಲಿ ಬರುವ ತುಂಗಭದ್ರೆಯ ನೀರಾಗಲಿ, ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನ್ ನೀರಾಗಲಿ, ಕೂಸಿಗೆ ಕುದಿಸಲೇಬೇಕು. ಆರ್‌ಒ ನೀರು ಯಂತ್ರದಿಂದ ಶುದ್ಧವಾಗಿ ಬಂದರೂ ಕ್ಯಾನ್, ಮುಚ್ಚಳ, ಲೋಟ ಹಾಗಿರುವುದಿಲ್ಲ. ಬೋರ್‌ವೆಲ್ ನೀರಿನ ಕಥೆ ಬೇರೆ. ಜಗಳೂರು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುದಿಸಿದರೆ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಂತೆ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಅಂಥ ಕಡೆ ಆರ್‌ಒ ನೀರನ್ನು ತಂದು ಕುದಿಸುವುದೇ ಸರಿ.

ಬಾಟಲಿ, ನಿಪ್ಪಲ್ ಬಿಚ್ಚಿ, ಬ್ರಷ್‌ನಿಂದ ಉಜ್ಜಿ, ಪೂರ್ತಿ ಮುಳುಗುವ ನೀರಿನಲ್ಲಿ 5ರಿಂದ 10 ನಿಮಿಷ ಕುದಿಸಿ. ನಮ್ಮನ್ನು ಕೇಳಿದರೆ ಅಜ್ಜಿಯ ಕಾಲದ ಒಳಲೆಯೇ ಮೇಲು. ಸಂದುಗೊಂದಿಲ್ಲ, ತೊಳೆಯುವುದು ಸುಲಭ.

ಎಷ್ಟು ಹೊತ್ತು ಇಡಬಹುದು?

ಕಲಸಿದ ಹಾಲನ್ನು ಹೊರಗಿಟ್ಟರೆ ಎರಡು ಗಂಟೆ, ಅಷ್ಟೇ. ಏಪ್ರಿಲ್‌ನ ದಾವಣಗೆರೆ ಬಿಸಿಲಿನಲ್ಲಿ ಅಷ್ಟೂ ಕಾಯಬೇಡಿ. ಮಗು ಬಾಯಿಟ್ಟು ಬಿಟ್ಟ ಹಾಲಿಗೆ ಎಂಜಲು ಸೇರಿರುತ್ತದೆ, ಅದನ್ನು ಒಂದು ಗಂಟೆಯ ನಂತರ ಚೆಲ್ಲಿ. ಮುಂಚೆಯೇ ಕಲಸಿಡುವುದು ಅನಿವಾರ್ಯವಾದರೆ, ಬೇಗ ತಣ್ಣಗಾಗಿಸಿ ಫ್ರಿಜ್‌ನ ಒಳಬದಿಯಲ್ಲಿ, ಬಾಗಿಲಿನಲ್ಲಲ್ಲ, 5 ಡಿಗ್ರಿಗಿಂತ ಕೆಳಗೆ 24 ಗಂಟೆ ಇಡಬಹುದು. ಮಧ್ಯೆ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗಿದ್ದರೆ ಆ ಲೆಕ್ಕ ಮುಗಿಯಿತು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡುವುದೂ 15 ನಿಮಿಷ ಮೀರಬಾರದು. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಕುದಿಬಿಸಿ ಉಳಿದು ನಾಲಿಗೆ ಸುಡುತ್ತದೆ.

ಪ್ರಯಾಣಕ್ಕೂ ರಾತ್ರಿಗೂ ಉಪಾಯ ಒಂದೇ. ಆಗಷ್ಟೇ ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕ್‌ಗೆ ಕುತ್ತಿಗೆಯವರೆಗೆ ತುಂಬಿ ಮುಚ್ಚಿದರೆ ಕೆಲವು ಗಂಟೆ 70 ಡಿಗ್ರಿ ಮೇಲೆಯೇ ಇರುತ್ತದೆ. ಅಳೆದ ಪುಡಿಯನ್ನು ಒಣಗಿದ ಶುದ್ಧ ಡಬ್ಬಿಯಲ್ಲಿ ಬೇರೆ ಇಟ್ಟುಕೊಳ್ಳಿ. ಹರಿಹರದ ಬಸ್ಸಿನಲ್ಲೋ ಒಪಿಡಿ ಸಾಲಿನಲ್ಲೋ ಮಗು ಅತ್ತಾಗ ಕಲಸಿ, ಆರಿಸಿ ಕೊಡಿ. ಅರ್ಧ ಖಾಲಿಯಾದ ಫ್ಲಾಸ್ಕ್ ಬೇಗ ಆರುತ್ತದೆ, ದಿನವಿಡೀ ಅದನ್ನೇ ನಂಬಬೇಡಿ.

ಇನ್ನು ಗುಂಡುಗುಂಡಾದ ಮಗುವಿನ ಫೋಟೊ ಹಾಕಿ ಇಂಥದ್ದೇ ಕಂಪನಿಯ ಪುಡಿ ಕೊಡಿ ಎನ್ನುವ ಫಾರ್ವರ್ಡ್‌ಗಳು. 1992ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಮಕ್ಕಳ ಪುಡಿಹಾಲಿಗೆ ಜಾಹೀರಾತು ಕೊಡುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ಮೊದಲ ಆರು ತಿಂಗಳು ಎದೆಹಾಲು ಸಾಕು ಎಂಬುದೇ ಇದಕ್ಕೆ ಕಾರಣ. ಪುಡಿಹಾಲು ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ. ಬೇಕಾದ ತಾಯಿಯನ್ನು ಹಂಗಿಸುವ ಫಾರ್ವರ್ಡ್ ಕೂಡ ಬೇಡ.

ಪುಡಿಹಾಲು ಕುಡಿಯುವ ಕೂಸು ಹಾಲು ಬೇಡವೆಂದರೆ, ಜ್ವರ ಬಂದರೆ, ಮೈ ತಣ್ಣಗಾದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಫಿಟ್ಸ್ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಹರಿಹರದ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಕೂಡಲೇ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹಾಲಿನ ಡಬ್ಬಿಯನ್ನೂ ಜೊತೆಗೆ ಒಯ್ದು, ಕೊನೆಯ ಹಾಲು ಯಾವಾಗ ಕಲಸಿದ್ದು ಎಂದು ವೈದ್ಯರಿಗೆ ಹೇಳಿ.