ಗಣಕದಲ್ಲಿ ಕೆಟ್ಟ ಕನ್ನಡ: ದೋಷವೆಲ್ಲಿತ್ತು?

ಗಣಕಯಂತ್ರದೊಳಗೆ ಅಕ್ಷರಗಳಿರುವುದಿಲ್ಲ, ಅಂಕಿಗಳಿರುತ್ತವೆ. ಯಾವ ಅಂಕಿ ಯಾವ ಅಕ್ಷರವನ್ನು ಸೂಚಿಸಬೇಕೆಂಬುದು ಒಂದು ಒಪ್ಪಂದ. ಆ ಅಂಕಿಗೆ ತೆರೆಯ ಮೇಲೆ ರೂಪ ಕೊಡುವುದು ಫಾಂಟಿನ ಕೆಲಸ. ಕನ್ನಡದ ಕಡತವೊಂದು ಓದಲು ಬಾರದಂತಾದಾಗ ಇವೆರಡರಲ್ಲಿ ಎಡವಟ್ಟು ಎಲ್ಲಿದೆಯೆಂದು ಮೊದಲು ತಿಳಿಯಬೇಕು. ಆ ವಿವೇಚನೆಯಿಲ್ಲದೆ ಎಷ್ಟೋ ಮನೆಗಳ ಬರಹಗಳು ‘ಹಾಳಾದವು’ ಎನಿಸಿಕೊಂಡು ಮೂಲೆಗೆ ಬಿದ್ದಿವೆ. ಆದುದರಿಂದ ಈ ಸಣ್ಣ ಇತಿಹಾಸವನ್ನು ಬರೆದಿಡುತ್ತಿದ್ದೇನೆ.

1980ರ ದಶಕದಲ್ಲಿ ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸಿ ಕನ್ನಡ ಬೆರಳಚ್ಚಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಜಯನಗರ, ಬನಶಂಕರಿಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಪ್ರಶ್ನೆಪತ್ರಿಕೆಯವರೆಗೆ ಎಲ್ಲವೂ ಇಂತಹ ತಂತ್ರಾಂಶಗಳಿಂದಲೇ ಸಿದ್ಧವಾಗುತ್ತಿದ್ದವು.

ಆಗಿನ ಫಾಂಟುಗಳಲ್ಲಿದ್ದ ಸ್ಥಾನಗಳು ಹೆಚ್ಚೆಂದರೆ 256. ಅವು ಇಂಗ್ಲಿಷಿಗೂ ಯುರೋಪಿನ ಇತರ ಭಾಷೆಗಳಿಗೂ ಮೀಸಲಾಗಿದ್ದವು. ಹೀಗಾಗಿ ಕನ್ನಡದ ಲಿಪಿಯನ್ನು ತುಂಡುತುಂಡಾಗಿ ಬಿಡಿಸಿ ಆ ಸ್ಥಾನಗಳಲ್ಲೇ ಕೂರಿಸಬೇಕಾಯಿತು. ‘ನುಡಿ’ಯ ಹಳೆಯ ಫಾಂಟುಗಳಲ್ಲಿ ತಲೆಕಟ್ಟಿಲ್ಲದ ‘ಕ’ಕಾರವು ಇಂಗ್ಲಿಷಿನ ‘ಪಿ’ ಇರಬೇಕಾದ 80ನೆಯ ಸ್ಥಾನದಲ್ಲಿದೆ. ತಲೆಕಟ್ಟಿಗೆ ಬೇರೊಂದು ಸ್ಥಾನ. ‘ಕನ್ನಡ’ ಎಂಬ ಪದಕ್ಕೆ ಏಳು ತುಂಡುಗಳು ಬೇಕು. ಅವುಗಳಲ್ಲೊಂದು ಬ್ರಿಟಿಷ್ ಪೌಂಡಿನ ಚಿಹ್ನೆಯ ಜಾಗದಲ್ಲಿದೆ! ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ‘ಪಿ’ಯೂ ಪೌಂಡೂ ಕಾಣುವುದು ಸಹಜವೇ.

1991ರಲ್ಲಿ ಹೊರಬಂದ ಯೂನಿಕೋಡ್ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಕಾದಿರಿಸಿತು. ಅದರಲ್ಲಿ ‘ಕ’ಕಾರದ ಸಂಖ್ಯೆ 3221; ಅದು ಇನ್ನಾವ ಲಿಪಿಯ ಅಕ್ಷರಕ್ಕೂ ಸಲ್ಲದು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಬಂದಿತು. ಆದರೆ ಹಳೆಯ ಕಡತಗಳು ಹಳೆಯ ಒಪ್ಪಂದದಲ್ಲೇ ಉಳಿದವು.

ನಮ್ಮ ಅಣ್ಣನವರು ಬಾಲ್ಯದ ನೆನಪುಗಳನ್ನು ಬರೆದು 2003ರಲ್ಲಿ ಬನಶಂಕರಿಯ ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ನೋಡಿದರೆ ಕೈಬರಹದ ಪ್ರತಿ ಎಲ್ಲಿಯೂ ಸಿಗಲಿಲ್ಲ. ಉಳಿದದ್ದು ಒಂದು ಸಿ.ಡಿ. ಮಾತ್ರ. 2009ರಲ್ಲಿ ಜಯನಗರದ ನಮ್ಮ ಮನೆಯಲ್ಲಿ ಅದನ್ನು ತೆರೆದಾಗ ಪುಟಪುಟವೂ ಚಿಹ್ನೆಗಳ ಗೋಜಲು. ಕಡತ ಕೆಟ್ಟಿದೆ, ಆಸೆ ಬಿಡಿ ಎಂದರು ಕೆಲವರು. ಬಿ.ಟಿ.ಎಂ. ಲೇಔಟಿನಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಾತ್ರ, “ಊಹೆ ಬೇಡ ಸಾರ್, ಒಂದೊಂದೇ ಕಾರಣ ತೆಗೆದುಹಾಕೋಣ” ಎಂದ.

ಮೊದಲು ಆತ ಕಡತದ ಪ್ರತಿಯೊಂದನ್ನು ಮಾಡಿಕೊಂಡು ಸಿ.ಡಿ.ಯನ್ನು ನನ್ನ ಕೈಗಿತ್ತ; ಪರೀಕ್ಷೆಗಳೆಲ್ಲ ಆ ಪ್ರತಿಯ ಮೇಲೆಯೇ. ಅದೇ ಕಡತವನ್ನು ತನ್ನ ಯಂತ್ರದಲ್ಲಿ ತೆರೆದ. ಅಲ್ಲಿಯೂ ಅದೇ ಗೋಜಲು. ಹಾಗಾದರೆ ದೋಷ ನಮ್ಮ ಯಂತ್ರದ್ದೊಂದೇ ಅಲ್ಲ. ನಮ್ಮ ಯಂತ್ರದಲ್ಲಿ ಯೂನಿಕೋಡಿನ ಬೇರೊಂದು ಕನ್ನಡ ಬರಹವನ್ನು ತೆರೆದ. ಅದು ಸರಿಯಾಗಿ ಕಂಡಿತು. ಹಾಗಾದರೆ ಯಂತ್ರಕ್ಕೆ ಕನ್ನಡ ಬರುತ್ತದೆ. ಮೂರನೆಯದಾಗಿ, ಗೋಜಲನ್ನೇ ದಿಟ್ಟಿಸಿ ನೋಡಿದ. ನಾಲ್ಕಾರು ಚಿಹ್ನೆಗಳ ಒಂದೇ ಗುಂಪು ಮತ್ತೆ ಮತ್ತೆ ಬರುತ್ತಿತ್ತು. ಕೆಟ್ಟುಹೋದ ಕಡತದಲ್ಲಿ ಇಂತಹ ಕ್ರಮ ಉಳಿಯುವುದು ಕಷ್ಟ. ಇಲ್ಲಿ ಅಂಕಿಗಳು ಕ್ಷೇಮವಾಗಿದ್ದು ರೂಪ ಮಾತ್ರ ತಪ್ಪಿದೆ ಎಂದು ತೀರ್ಮಾನಿಸಿದ. ಆಮೇಲೆ ಹಳೆಯ ಫಾಂಟುಗಳನ್ನು ತಂದು ಒಂದೊಂದಾಗಿ ಹೊಂದಿಸಿ ನೋಡಿದ. ಮೂರನೆಯ ಫಾಂಟಿಗೆ ಪುಟ ಕನ್ನಡವಾಯಿತು. ಮರುಕಳಿಸುತ್ತಿದ್ದ ಆ ಗುಂಪು ‘ಅಮ್ಮ’ ಎಂಬ ಪದವಾಗಿತ್ತು.

ಬಳಿಕ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆವು. ಆಗ ಇನ್ನೊಂದು ತೊಡಕು ತಲೆದೋರಿತು: ಅಣ್ಣ ಬರೆದಿದ್ದ ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಎಂದು ಅರ್ಕಾವತ್ತಿನೊಡನೆ ಕಂಡಿತು. ಇಲ್ಲಿ ಫಾಂಟಿನ ದೋಷವಿರಲಿಲ್ಲ. ಯೂನಿಕೋಡಿನಲ್ಲಿ ರಕಾರ, ವಿರಾಮ, ಯಕಾರ ಒಟ್ಟಿಗೆ ಬಂದರೆ ‘ಸೂರ್ಯ’ದಲ್ಲಿರುವಂತೆ ಅರ್ಕಾವತ್ತೇ ಆಗಬೇಕು, ಅದು ಬೇಡವಾದಾಗ ರಕಾರದ ಮುಂದೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡಬೇಕು. ನಿಯಮ ತಿಳಿದ ಮೇಲೆ ತಿದ್ದಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ವ್ಯಾಕರಣದ ತರಗತಿಯಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ವಾಕ್ಯ ತಪ್ಪಾದಾಗ ಅದನ್ನು ಪೂರ್ತಿ ಅಳಿಸುವುದಿಲ್ಲ. ಕರ್ತೃ, ಕರ್ಮ, ಕ್ರಿಯಾಪದಗಳನ್ನು ಬಿಡಿಸಿ, ತಪ್ಪಿರುವ ಜಾಗವನ್ನಷ್ಟೇ ತಿದ್ದುತ್ತೇವೆ.

ನಿಮ್ಮ ಮನೆಗಳಲ್ಲಿಯೂ ಹಿರಿಯರ ಬರಹಗಳಿರುವ ಹಳೆಯ ಸಿ.ಡಿ.ಗಳೋ ಫ್ಲಾಪಿಗಳೋ ಇರಬಹುದು. ಗೋಜಲು ಕಂಡೊಡನೆ ಎಸೆಯಬೇಡಿ. ಮೊದಲು ಒಂದು ಪ್ರತಿ ಮಾಡಿಕೊಳ್ಳಿ. ಆ ತಟ್ಟೆಗಳಿಗೂ ಆಯುಸ್ಸಿದೆ. ಇಂದು ತಪ್ಪಿರುವುದು ಬರಿಯ ರೂಪವಾಗಿರಬಹುದು. ತಡಮಾಡಿದರೆ ಅಂಕಿಗಳೂ ಅಳಿದಾವು.